ಹಾ ಗಾವ್ ಕೆಡುವುದು ಸೀಗಡಿಯಿಂದಲ್ಲ, ನೀರಿನಿಂದ

ಈ ವರ್ಷ ಮೂವರು ಸ್ನೇಹಿತರ ಮನೆಯಲ್ಲಿ ಹಾ ಗಾವ್ ತಿಂದೆ. ಒಬ್ಬರು ಮೈದಾದಲ್ಲಿ ಮಾಡಿದ್ದರು. ರುಚಿಯಾಗೇನೋ ಇತ್ತು, ಆದರೆ ಅದು ಸೀಗಡಿ ಮೋಮೊ. ಇನ್ನೊಬ್ಬರದ್ದು ಹಬೆಯಲ್ಲೇ ಬಾಯಿ ಬಿಟ್ಟುಕೊಂಡು ಕೂತಿತ್ತು. ಮೂರನೆಯವರ ಕಣಕ ಮರಳಿನ ಹಾಗೆ ಉದುರಿ ಉದುರಿ, ಕೊನೆಗೆ ಹೂರಣವನ್ನೇ ಬಾಣಲೆಗೆ ಹಾಕಿ ಹುರಿದು ಅನ್ನದ ಜೊತೆ ತಿಂದು ಎದ್ದೆವು. ಮೂವರೂ ದೂರಿದ್ದು ಸೀಗಡಿಯನ್ನು. ಪಾಪ, ಸೀಗಡಿ ಏನು ಮಾಡಿತ್ತು?

ಗೊತ್ತಿಲ್ಲದವರಿಗೆ ಒಂದು ಮಾತು. ಹಾ ಗಾವ್ ಅಂದರೆ ಸೀಗಡಿ ತುಂಬಿ ಹಬೆಯಲ್ಲಿ ಬೇಯಿಸಿದ ಪುಟ್ಟ ಕಡುಬು. ದಕ್ಷಿಣ ಚೀನಾದ ಗುವಾಂಗ್‌ಝೌ ನಗರದ ಹೊರವಲಯದ ನದಿ ದಡದ ಚಹಾದಂಗಡಿಯೊಂದರಲ್ಲಿ ಹುಟ್ಟಿದ್ದು ಅಂತ ಅಲ್ಲಿಯವರು ಹೇಳುತ್ತಾರೆ. ಈಗ ಅಲ್ಲಿರಲಿ, ಹಾಂಗ್‌ಕಾಂಗ್‌ನಲ್ಲಿರಲಿ, ಬೆಳಿಗ್ಗೆ ಚಹಾ ಕುಡಿಯುತ್ತಾ ಡಿಮ್ ಸಮ್ ಅನ್ನುವ ಪುಟ್ಟ ಪುಟ್ಟ ತಿಂಡಿ ತಿನ್ನಲು ಕೂತವರು ಮೊದಲು ಹೇಳುವುದೇ ಇದನ್ನು. ಬಿದಿರಿನ ಬುಟ್ಟಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬರುತ್ತವೆ. ಕಣಕ ಎಷ್ಟು ತೆಳು ಅಂದರೆ ಒಳಗಿನ ಸೀಗಡಿಯ ಗುಲಾಬಿ ಬಣ್ಣ ಹೊರಗೆ ಕಾಣಬೇಕು, ಆದರೆ ಚಾಪ್‌ಸ್ಟಿಕ್‌ನಲ್ಲಿ ಎತ್ತಿದರೆ ಹರಿಯಬಾರದು. ಅಡುಗೆಯವರ ಕೈ ಹೇಗಿದೆ ಅಂತ ನೋಡುವುದೇ ಇದರಲ್ಲಿ.

ಹಾಂಗ್‌ಕಾಂಗ್‌ನಲ್ಲಿ ಇದ್ದ ನಾಲ್ಕು ವರ್ಷ ನನಗೆ ಇದನ್ನು ಕಲಿಸಿದ್ದು ಪಕ್ಕದ ಮನೆಯ ಅಜ್ಜಿ. ನಾವೆಲ್ಲ ಪೋ ಪೋ ಅಂತಲೇ ಕರೆಯುತ್ತಿದ್ದೆವು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಕ್ಯಾಂಟನೀಸ್ ಬಾರದು. ತಪ್ಪು ಮಾಡಿದರೆ ಕೈ ಮೇಲೆ ಒಂದು ಏಟು. ಹಾಗೇ ಕಲಿತೆ.

ಸಾಮಾನು ಹೇಳಿಬಿಡುತ್ತೇನೆ. ಸುಮಾರು 25 ಆಗುತ್ತವೆ. ಸುಲಿದ ಸೀಗಡಿ 250 ಗ್ರಾಂ, ಹಂದಿ ಕೊಬ್ಬು 30 ಗ್ರಾಂ, ಬೇಯಿಸಿದ ಕಳಲೆ 50 ಗ್ರಾಂ. ಕಣಕಕ್ಕೆ ವೀಟ್ ಸ್ಟಾರ್ಚ್ 100 ಗ್ರಾಂ, ಟಪಿಯೋಕಾ (ಮರಗೆಣಸಿನ) ಸ್ಟಾರ್ಚ್ 50 ಗ್ರಾಂ, ನೀರು 190 ಮಿಲಿ, ಎಣ್ಣೆ ಎರಡು ಚಮಚ, ಚಿಟಿಕೆ ಉಪ್ಪು.

ವೀಟ್ ಸ್ಟಾರ್ಚ್ ಅಂದರೆ ಗೋಧಿ ಹಿಟ್ಟಲ್ಲ, ಮೈದಾ ಅಲ್ಲ. ಗೋಧಿ ಹಾಲಿನ ಹಲ್ವಾ ಮಾಡಿದವರಿಗೆ ಥಟ್ಟನೆ ಗೊತ್ತಾಗುತ್ತದೆ. ನೆನೆಸಿದ ಗೋಧಿ ರುಬ್ಬಿ ಹಿಂಡಿದ ಹಾಲನ್ನು ಹಾಗೇ ಬಿಟ್ಟರೆ ತಳದಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂರುತ್ತದಲ್ಲ, ಹೆಚ್ಚುಕಡಿಮೆ ಅದೇ. ಜಿಗುಟೆಲ್ಲ ಹೋಗಿ ಬರೀ ಸ್ಟಾರ್ಚ್ ಉಳಿದಿರುತ್ತದೆ, ಬೆಂದಾಗ ಅರೆಪಾರದರ್ಶಕ ಆಗುವುದು ಅದಕ್ಕೇ. ಆನ್‌ಲೈನ್‌ನಲ್ಲಿ ಪ್ಯಾಕೆಟ್ ಸಿಗುತ್ತದೆ. ಕಾರ್ನ್‌ಫ್ಲೋರ್ ಹಾಕಿ ಸುಧಾರಿಸೋಣ ಅನ್ನಬೇಡಿ. ಇನ್ನು ಸಬ್ಬಕ್ಕಿಯನ್ನು ಮಿಕ್ಸಿಗೆ ಹಾಕಿ ಪುಡಿ ಮಾಡಿದರೆ ಟಪಿಯೋಕಾ ಸ್ಟಾರ್ಚ್ ಆಯಿತು ಅಂತ ಸುಮಾರು ಜನ ಹೇಳುತ್ತಾರೆ. ಸಬ್ಬಕ್ಕಿ ಮಾಡುವಾಗಲೇ ಅದನ್ನು ಅರೆಬೇಯಿಸಿರುತ್ತಾರೆ, ಆ ಪುಡಿ ಬೇರೆ, ಈ ಸ್ಟಾರ್ಚ್ ಬೇರೆ. ನಾನೂ ಮಾಡಿ ಕೆಟ್ಟಿದ್ದೇನೆ.

ಮೊದಲು ಸೀಗಡಿ. ಅರ್ಧ ಚಮಚ ಅಡುಗೆ ಸೋಡಾ, ಒಂದು ಚಮಚ ಉಪ್ಪು ಹಾಕಿ ಉಜ್ಜಿ, ಕಾಲು ಗಂಟೆ ಬಿಟ್ಟು, ನಲ್ಲಿ ಕೆಳಗೆ ಐದು ನಿಮಿಷ ಚೆನ್ನಾಗಿ ತೊಳೆಯಿರಿ. ಕಚ್ಚಿದಾಗ ಕರುಂ ಅನ್ನುವುದು ಇದರಿಂದಲೇ. ಆಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಒಂದು ಹನಿ ನೀರೂ ಉಳಿಯಬಾರದು. ಅಗ್ಗದ ಫ್ರೋಜನ್ ಸೀಗಡಿ ಪ್ಯಾಕೆಟ್‌ಗಳಲ್ಲಿ ಸೀಗಡಿಯ ಜೊತೆ ಮಂಜುಗಡ್ಡೆಯೂ ಸಾಕಷ್ಟಿರುತ್ತದೆ, ಕಾಲು ಕೆ.ಜಿ. ಅಂತ ತಂದದ್ದು ಕರಗಿದ ಮೇಲೆ ತೂಗಿ ನೋಡಿ. ಮೀನು ಮಾರ್ಕೆಟ್ಟಿಗೆ ಹೋಗಿ ತನ್ನಿ, ಸುಲಿಯುವ ಕಷ್ಟ ಸಾರ್ಥಕ.

ಅರ್ಧ ಸೀಗಡಿಯನ್ನು ಚಾಕುವಿನ ಅಗಲ ಬದಿಯಿಂದ ಜಜ್ಜಿ, ಉಳಿದದ್ದನ್ನು ದೊಡ್ಡದಾಗಿ ಹೆಚ್ಚಿ. ಸಣ್ಣಗೆ ಹೆಚ್ಚಿದ ಕೊಬ್ಬು, ಕಳಲೆ, ಅರ್ಧ ಚಮಚ ಉಪ್ಪು, ಒಂದು ಚಮಚ ಸಕ್ಕರೆ, ಬಿಳಿ ಮೆಣಸಿನ ಪುಡಿ, ಒಂದು ದೊಡ್ಡ ಚಮಚ ಟಪಿಯೋಕಾ ಸ್ಟಾರ್ಚ್ (ಕಣಕದ ಲೆಕ್ಕದ್ದಲ್ಲ, ಬೇರೆ) ಸೇರಿಸಿ ಒಂದೇ ದಿಕ್ಕಿಗೆ ತಿರುವಿ. ಅಂಟು ಬಂದ ಮೇಲೆ ಮುದ್ದೆಯನ್ನು ಎತ್ತಿ ಬೋಗುಣಿಗೆ ಹತ್ತಿಪ್ಪತ್ತು ಸಲ ಬಡಿಯಿರಿ. ಕೊನೆಗೆ ಒಂದು ಚಮಚ ಹುರಿದ ಎಳ್ಳಿನ ಎಣ್ಣೆ, ಕಂದು ಬಣ್ಣದ್ದು. ದೇವರ ದೀಪದ ಎಳ್ಳೆಣ್ಣೆ ಬೇಡ. ಒಂದು ಗಂಟೆ ಫ್ರಿಜ್‌ನಲ್ಲಿಡಿ. ಮಲೆನಾಡಿನವರ ಹತ್ತಿರ ಕಳಲೆ ಇದ್ದರೆ ಚೆನ್ನ, ಆದರೆ ದಿನವೂ ನೀರು ಬದಲಿಸಿ ನೆನೆಸಿ ಬೇಯಿಸಿದ್ದೇ ಆಗಬೇಕು, ಹುಳಿ ಬಂದದ್ದು ಬೇಡ. ಹಂದಿ ತಿನ್ನದವರು ಕೊಬ್ಬು ಬಿಟ್ಟು ಎರಡು ಚಮಚ ಎಣ್ಣೆ ಹಾಕಿ, ಸ್ವಲ್ಪ ಒಣಕಲಾಗುತ್ತದೆ, ಆಗಲಿ. ಶುಂಠಿ ಬೆಳ್ಳುಳ್ಳಿ ಪೇಸ್ಟ್ ಮಾತ್ರ ಹಾಕಬೇಡಿ. ಹಾಕುವುದಾದರೆ ಸೀಗಡಿ ಸುಕ್ಕ ಮಾಡಿ, ಅದೂ ಒಳ್ಳೆಯದೇ.

ಈಗ ಕಣಕ. ಎಲ್ಲರೂ ಎಡವುವುದು ಇಲ್ಲೇ.

ಚಪಾತಿ ಹಿಟ್ಟು ನಾದಿದಷ್ಟೂ ಎಳೆಯುತ್ತದೆ. ಅದರಲ್ಲಿ ಗೋಧಿಯ ಜಿಗುಟಿದೆ. ಇದರಲ್ಲಿ ಅದು ಇಲ್ಲವೇ ಇಲ್ಲ, ಹಾಗಾಗಿ ಎಷ್ಟು ನಾದಿದರೂ ತಾನಾಗಿ ಒಗ್ಗೂಡುವುದಿಲ್ಲ. ಸ್ಟಾರ್ಚ್ ಬೇಯಬೇಕು, ಬೆಂದರೆ ಅಂಟು. ಅಕ್ಕಿ ರೊಟ್ಟಿಗೆ ಹಿಟ್ಟು ಉಕ್ಕರಿಸುತ್ತೇವಲ್ಲ, ಅದೇ ಲೆಕ್ಕ. ಬಿಸಿ ನೀರು ಸಾಲದು, ಗೀಸರ್ ನೀರು ಸಾಲದು, ಕೆಟಲ್ ಆಫ್ ಆಗಿ ಎರಡು ನಿಮಿಷ ಆದ ನೀರೂ ಸಾಲದು. ಒಲೆಯ ಮೇಲೆ ಕೊತಕೊತ ಕುದಿಯುತ್ತಿರುವಾಗಲೇ ಸುರಿಯಬೇಕು.

ಹೀಗೆ ಮಾಡಿ. ದಪ್ಪ ತಳದ ಪಾತ್ರೆಯಲ್ಲಿ ಪೂರ್ತಿ ವೀಟ್ ಸ್ಟಾರ್ಚ್, ಉಪ್ಪು, ಟಪಿಯೋಕಾದಲ್ಲಿ ಅರ್ಧ ಮಾತ್ರ. ಇನ್ನರ್ಧ ಪಕ್ಕಕ್ಕೆ. ಪಾತ್ರೆ ತಣ್ಣಗಿದ್ದರೆ ಅದೇ ಶಾಖ ಕುಡಿದುಬಿಡುತ್ತದೆ, ಮೊದಲೇ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ನೀರು 210 ಮಿಲಿ ಇಟ್ಟು ಕುದಿಸಿ, ಆವಿಯಾಗಿ ಹೋಗುವುದೂ ಇದೆ. ಅದರಲ್ಲಿ 190 ಮಿಲಿ ಅಳೆದು ಒಂದೇ ಸಲಕ್ಕೆ ಸುರಿಯಿರಿ. ಸ್ವಲ್ಪ ಸ್ವಲ್ಪ ಹಾಕುತ್ತಾ ಹದ ನೋಡುವ ಅಭ್ಯಾಸ ಇಲ್ಲಿ ಬೇಡ, ನೋಡುವಷ್ಟರಲ್ಲಿ ನೀರು ಆರಿರುತ್ತದೆ. ಮರದ ಸೌಟಿನಲ್ಲಿ ಜೋರಾಗಿ ಹತ್ತು ಸುತ್ತು ತಿರುವಿ, ಒಣ ಹಿಟ್ಟು ಅಲ್ಲಲ್ಲಿ ಉಳಿದಿದ್ದರೂ ನಿಲ್ಲಿಸಿ, ಮುಚ್ಚಳ ಹಾಕಿ. ಐದು ನಿಮಿಷ ತೆಗೆಯಬೇಡಿ. ಪೋ ಪೋ ಕೈಯಿಂದ ನನಗೆ ಏಟು ಬಿದ್ದದ್ದು ಜಾಸ್ತಿ ಈ ಮುಚ್ಚಳದ ಹತ್ತಿರವೇ.

ತೆಗೆದಾಗ ಅಚ್ಚ ಬಿಳಿ ಹೋಗಿ ಗಂಜಿ ಮುದ್ದೆಯ ಹಾಗೆ ಸ್ವಲ್ಪ ಹೊಳಪು ಬಂದಿರಬೇಕು. ಇನ್ನೂ ಸುಣ್ಣದ ಹಾಗೆ ಬೆಳ್ಳಗೆ ಪುಡಿಪುಡಿ ಇದ್ದರೆ ಬೆಂದಿಲ್ಲ ಅಂತ ಅರ್ಥ. ಅದನ್ನು ಸರಿಮಾಡಲು ಹೋಗಬೇಡಿ, ಎಸೆದು ಮತ್ತೆ ಮಾಡಿ, ಹೋಗುವುದು 125 ಗ್ರಾಂ ಹಿಟ್ಟು ಅಷ್ಟೇ ಅಲ್ವಾ. ಸರಿ ಬಂದಿದ್ದರೆ ಕೈ ತಾಳುವಷ್ಟು ಬಿಸಿ ಇರುವಾಗಲೇ ಮಣೆಗೆ ಹಾಕಿ, ಉಳಿದ ಟಪಿಯೋಕಾ ಸೇರಿಸಿ ಅಂಗೈ ಬುಡದಿಂದ ಒತ್ತಿ ಒತ್ತಿ ಮಿದಿಯಿರಿ. ನಯವಾದ ಮೇಲೆ ಎಣ್ಣೆ ಹಾಕಿ ಇನ್ನೊಮ್ಮೆ. ಒಂದು ಚೂರನ್ನು ಎರಡು ಬೆರಳಲ್ಲಿ ಚಪ್ಪಟೆ ಮಾಡಿ ನೋಡಿ, ಅಂಚು ಬಿರಿಯದಿದ್ದರೆ ಹದ ಬಂತು. ಬಿರಿದರೆ ಕೈ ಒದ್ದೆ ಮಾಡಿಕೊಂಡು ಮಿದಿಯಿರಿ. ನೀರು ಸುರಿಯಬೇಡಿ. ಒದ್ದೆ ಬಟ್ಟೆ ಮುಚ್ಚಿಡಿ. ಫ್ರಿಜ್‌ನಲ್ಲಿಟ್ಟು ನಾಳೆ ಮಾಡೋಣ ಅಂದರೆ ಕಲ್ಲಾಗುತ್ತದೆ, ಹೂರಣ ಮೊದಲೇ ಸಿದ್ಧ ಮಾಡಿ ಅಂದದ್ದು ಅದಕ್ಕೇ.

ಹಾಳೆ ಒತ್ತುವುದು ಸುಲಭ. ಅಲ್ಲಿಯವರು ಮೊಂಡು ಮಾಡಿದ ಅಗಲ ಕತ್ತಿಗೆ ಎಣ್ಣೆ ಸವರಿ, ಉಂಡೆಯ ಮೇಲಿಟ್ಟು ಒತ್ತಿ ಒಂದು ತಿರುವು ತಿರುವುತ್ತಾರೆ, ಒಂದು ಹಾಳೆ ರೆಡಿ. ನಮಗೆ ಪೂರಿ ಪ್ರೆಸ್ ಸಾಕು, ಎರಡೂ ಕಡೆ ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆ ಇಡಿ. ಅಂಗೈಗಿಂತ ಸಣ್ಣದಿರಲಿ, ಏಳೆಂಟು ಸೆಂ.ಮೀ. ಒಂದು ಒತ್ತಿ, ಒಂದು ತುಂಬಿ, ಆಮೇಲೆ ಇನ್ನೊಂದು. ಹತ್ತು ಒತ್ತಿಟ್ಟುಕೊಂಡರೆ ಹತ್ತೂ ಒಣಗುತ್ತವೆ.

ನೆರಿಗೆ ಹಿಡಿಯುವುದು ಮೋದಕದ ಹಾಗೆ ಸುತ್ತಲೂ ಅಲ್ಲ. ನಿಮ್ಮ ಕಡೆಯ ಅಂಚು ಸೊಟ್ಟಗಾಗದೆ ನಯವಾಗಿ ಉಳಿಯಬೇಕು, ಎದುರಿನ ಅಂಚು ಮಾತ್ರ ಸೀರೆ ನೆರಿಗೆಯಂತೆ ಮಡಿಸುತ್ತಾ ಬಂದು ಅದಕ್ಕೆ ಅಂಟಬೇಕು. ಆಗ ತಾನಾಗಿಯೇ ಅರ್ಧಚಂದ್ರದ ಹಾಗೆ ಬಾಗುತ್ತದೆ. ಕ್ಯಾಂಟನೀಸ್‌ನಲ್ಲಿ ಈ ಆಕಾರಕ್ಕೆ ಬಾಗಿದ ಬಾಚಣಿಗೆ ಅಂತ ಹೆಸರೇ ಇದೆ. ಒಳ್ಳೆಯ ಕೈಯವರು ಹತ್ತಕ್ಕಿಂತ ಜಾಸ್ತಿ ನೆರಿಗೆ ಹಾಕುತ್ತಾರೆ. ನಿಮಗೆ ಐದು ಬಂದರೂ ಸಾಕು, ಬಾಯಿ ಗಟ್ಟಿ ಮುಚ್ಚಿದ್ದರೆ ಆಯಿತು. ಅಂಚಿಗೆ ಹೂರಣದ ಎಣ್ಣೆ ತಾಗಿದರೆ ಮುಚ್ಚುವುದೇ ಇಲ್ಲ, ಆಸೆಪಟ್ಟು ಜಾಸ್ತಿ ತುಂಬಬೇಡಿ.

ಬೇಯಿಸುವಾಗ ಇಡ್ಲಿ ತಟ್ಟೆಯ ಕುಳಿಯಲ್ಲಿ ಇಡಬೇಡಿ, ತಳ ಸೊಟ್ಟಗಾಗುತ್ತದೆ. ತೂತಿನ ತಟ್ಟೆಗೆ ಬಾಳೆ ಎಲೆ ಹಾಸಿ ಎಣ್ಣೆ ಸವರಿ, ಒಂದಕ್ಕೊಂದು ತಾಗದ ಹಾಗೆ ಇಡಿ. ಸ್ಟೀಲ್ ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತದೆ, ಮುಚ್ಚಳಕ್ಕೆ ಬಟ್ಟೆ ಕಟ್ಟಿ. ಬಿದಿರಿನ ಬುಟ್ಟಿಯಾದರೆ ಆ ಆವಿಯನ್ನು ಅದೇ ಹೀರಿಕೊಳ್ಳುತ್ತದೆ. ನೀರು ಕುದಿ ಬಂದ ಮೇಲೆ ಇಟ್ಟು, ಜೋರು ಉರಿಯಲ್ಲಿ ಆರು ನಿಮಿಷ. ಇನ್ನೂ ಎರಡು ನಿಮಿಷ ಇರಲಿ ಅಂದರೆ ಬಾಯಿ ಬಿಡುತ್ತದೆ.

ಇಳಿಸಿದ ತಕ್ಷಣ ಮುಟ್ಟಬೇಡಿ, ಅಂಟಿಕೊಂಡು ಹರಿಯುತ್ತದೆ. ಒಂದು ನಿಮಿಷ ಗಾಳಿಗೆ ಬಿಟ್ಟರೆ ಕಣಕ ಗಟ್ಟಿಯಾಗಿ, ಒಳಗಿನ ಗುಲಾಬಿ ಬಣ್ಣ ಮೆಲ್ಲಗೆ ಕಾಣತೊಡಗುತ್ತದೆ. ಸೋಯಾ ಸಾಸ್‌ನಲ್ಲಿ ಮುಳುಗಿಸದೆ ಮೊದಲನೆಯದನ್ನಾದರೂ ಹಾಗೇ ತಿನ್ನಿ. ಉಳಿದರೆ ಮರುದಿನ ಮೂರು ನಿಮಿಷ ಮತ್ತೆ ಹಬೆಗೆ ಇಡಿ, ಮೈಕ್ರೋವೇವ್‌ನಲ್ಲಿಟ್ಟರೆ ರಬ್ಬರ್.