ವಂಶವೃಕ್ಷ ಬರೆಯುವುದು ಹೇಗೆ: ಒಂದೇ ಹೆಸರಿನ ಮೂವರು ಸಿಕ್ಕಾಗ

ಪರಿಚಯದವರ ಮನೆತನದ ಕೂಟವೊಂದಕ್ಕೆ ಹೋಗಿದ್ದೆ. ಬಾಗಿಲಲ್ಲೇ ದೊಡ್ಡ ಫ್ಲೆಕ್ಸ್. ಏಳು ತಲೆಮಾರಿನ ವಂಶವೃಕ್ಷ. ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಹತ್ತಿರ ಹೋಗಿ ಇಸವಿ ಓದಿದೆ. ಮೂರನೇ ಸಾಲಿನ ಹಿರಿಯರು ಹುಟ್ಟಿದ್ದು 1889. ಅವರ ಮಗ ಹುಟ್ಟಿದ್ದು 1898. ಅಪ್ಪ ಮಗನಿಗಿಂತ ಒಂಬತ್ತೇ ವರ್ಷಕ್ಕೆ ದೊಡ್ಡವರು!

ಬರೆದ ಹುಡುಗ ಸೋಮಾರಿಯಲ್ಲ. ಆನ್‌ಲೈನಿನಲ್ಲಿ ವಂಶಾವಳಿ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಪಡೆದವನು. ಒಂದು ವರ್ಷ ಓಡಾಡಿದ್ದಾನೆ. ಆದರೆ ಅವರ ಮನೆಯಲ್ಲಿ ತಾತನ ಹೆಸರನ್ನೇ ಮೊಮ್ಮಗನಿಗೆ ಇಟ್ಟಿದ್ದರು. ಇಬ್ಬರನ್ನೂ ಅವನು ಒಬ್ಬರೇ ಅಂದುಕೊಂಡ. ತಾತನ ಜಾಗದಲ್ಲಿ ಮೊಮ್ಮಗನ ಇಸವಿ ಬಂದು ಕೂತಿತು. ಈ ತಪ್ಪನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಈ ಲೇಖನ ಬರೆಯಲು ಅದೇ ಕಾರಣ.

ಕೋರ್ಸ್ ಬೇಕಾ?

ಬೇಕು. ಆದರೆ ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಮೊದಲೇ ಗೊತ್ತಿರಲಿ. ಸ್ಕಾಟ್‌ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯ ಫ್ಯೂಚರ್‌ಲರ್ನ್ ಅನ್ನುವ ಆನ್‌ಲೈನ್ ತಾಣದಲ್ಲಿ ಆರು ವಾರದ ಒಂದು ಕೋರ್ಸ್ ನಡೆಸಿಕೊಂಡು ಬಂದಿದೆ. ಹೊಸಬರಿಗೆ ನಾನು ಹೇಳುವುದು ಅದನ್ನೇ. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ವಿಶ್ವವಿದ್ಯಾಲಯ ಇದಕ್ಕೆ ಡಿಪ್ಲೊಮಾವನ್ನೇ ನಡೆಸಿದೆ. ಫ್ಯಾಮಿಲಿಸರ್ಚ್ ತಾಣದ ಪಾಠಗಳು ಉಚಿತ. ಇವೆಲ್ಲ ಕಲಿಸುವುದು ಒಂದು ಶಿಸ್ತನ್ನು. ಪ್ರತಿ ಮಾತಿಗೂ ಆಧಾರ ಬರೆದುಕೊಳ್ಳಬೇಕು, ಎರಡು ದಾಖಲೆ ಜಗಳವಾಡಿದರೆ ಯಾಕೆ ಅಂತ ಹುಡುಕಬೇಕು, ಒಂದೇ ಕಾಗದ ನೋಡಿ ತೀರ್ಮಾನಕ್ಕೆ ಬರಬಾರದು.

ಆದರೆ ಅವರ ಉದಾಹರಣೆಗಳೆಲ್ಲ ಚರ್ಚಿನ ರಿಜಿಸ್ಟರು, ಜನಗಣತಿ ಹಾಳೆ, ಹಡಗಿನ ಪ್ರಯಾಣಿಕರ ಪಟ್ಟಿ. ಅಲ್ಲಿ ಜನಗಣತಿಯ ಹಳೇ ಹಾಳೆಗಳಲ್ಲಿ ಮನೆಮಂದಿಯ ಹೆಸರೇ ಸಿಗುತ್ತದೆ. ನಮ್ಮ ಜನಗಣತಿಯಲ್ಲಿ ಸಿಗುವುದು ಬರೀ ಲೆಕ್ಕ. ಅಡ್ಡಹೆಸರು ಹಿಡಿದುಕೊಂಡು ಹಿಂದಕ್ಕೆ ಹೋಗಿ ಅಂತ ಅವರು ಹೇಳುತ್ತಾರೆ. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಅಡ್ಡಹೆಸರೇ ಇಲ್ಲ, ಅಪ್ಪನ ಹೆಸರಿನ ಮೊದಲ ಅಕ್ಷರ ಮಾತ್ರ. ಹಾಗಾಗಿ ಕ್ರಮವನ್ನು ಕೋರ್ಸಿನಿಂದ ಕಲಿಯಿರಿ, ದಾಖಲೆಯನ್ನು ನಿಮ್ಮ ತಾಲ್ಲೂಕಿನಲ್ಲಿ ಹುಡುಕಿ.

ವರ್ಷಕ್ಕಿಷ್ಟು ಅಂತ ಚಂದಾ ಕೇಳುವ ವಿದೇಶಿ ತಾಣಗಳಿಗೆ ಶುರುವಿನಲ್ಲೇ ದುಡ್ಡು ಕೊಡಬೇಡಿ. ನಮ್ಮ ಹಳ್ಳಿಗಳ ಕಾಗದ ಅಲ್ಲಿ ಸಿಗುವುದು ತೀರಾ ಅಪರೂಪ. ಎಂಜಲಿನ ಡಿಎನ್‌ಎ ಪರೀಕ್ಷೆ ಮಾಡಿ ಮೂಲ ಹೇಳುವ ಕಿಟ್ ಕೂಡ ಬೇಡ. ಅದು ಮುತ್ತಜ್ಜನ ಹೆಸರು ಹೇಳುವುದಿಲ್ಲ.

ನೋಟ್‌ಬುಕ್, ನಂಬರು, ಹಿರಿಯರು

ದಪ್ಪ ರಟ್ಟಿನ ನೋಟ್‌ಬುಕ್, ಪೆನ್ಸಿಲ್. ನೀವು 1. ಅಪ್ಪ 2, ಅಮ್ಮ 3. ಯಾರದೇ ನಂಬರನ್ನು ಎರಡರಿಂದ ಗುಣಿಸಿದರೆ ಅವರ ಅಪ್ಪ, ಅದಕ್ಕೊಂದು ಸೇರಿಸಿದರೆ ಅವರ ಅಮ್ಮ. ಕೋರ್ಸುಗಳಲ್ಲಿ ಕಲಿಯುವ ವಿಷಯಗಳಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಹಿರಿಯರ ಹತ್ತಿರ ಹೋದಾಗ 'ಯಾವ ಇಸವಿ' ಅಂತ ಕೇಳಬೇಡಿ. 'ಪ್ಲೇಗು ಬಂದು ಊರು ಬಿಟ್ಟಾಗ ನಿಮ್ಮಪ್ಪ ಎಷ್ಟು ದೊಡ್ಡವರು?', 'ಗಾಂಧಿ ತೀರಿಕೊಂಡಾಗ ನಿಮಗೆ ಮದುವೆ ಆಗಿತ್ತಾ?' ಅಂತ ಕೇಳಿ. ಮರೆಯದೆ ಕೇಳಬೇಕಾದ ಇನ್ನೊಂದು ಪ್ರಶ್ನೆ, ಮನೆದೇವರು ಎಲ್ಲಿ ಅಂತ. ಈಗಿನ ಊರಿಗೂ ಮನೆದೇವರ ಊರಿಗೂ ದೂರ ಇದ್ದರೆ, ಹಿಂದೊಮ್ಮೆ ಆ ಕಡೆಯಿಂದ ಬಂದವರಿರಬಹುದು. ಖಾತ್ರಿ ಅಂತಲ್ಲ, ಆದರೆ ಒಳ್ಳೆಯ ಸುಳಿವು.

ಹಳೇ ಕಾಗದ ಕೊಟ್ಟರೆ ಅಲ್ಲೇ ಫೋಟೊ ತೆಗೆದು ವಾಪಸ್ ಕೊಡಿ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಕಾಗದ ಹಾಳಾಗುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ಸೆಲ್ಲೊಟೇಪ್ ಕೂಡ ಅಷ್ಟೇ, ಕೆಲವು ವರ್ಷಕ್ಕೆ ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ.

ನಿಮ್ಮೂರು 1956ಕ್ಕೆ ಮೊದಲು ಯಾರ ಕೈಲಿತ್ತು?

ಇದು ಗೊತ್ತಿಲ್ಲದೆ ಕಚೇರಿ ಅಲೆದವರು ಬಹಳ ಜನ. ಹಳೇ ಮೈಸೂರಾದರೆ ಕಂದಾಯದ ಕಾಗದ ಕನ್ನಡದಲ್ಲಿರುತ್ತದೆ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಮುಂಬೈ ಪ್ರಾಂತ್ಯದ ಕ್ರಮ, ಹಿಂದಕ್ಕೆ ಹೋದಷ್ಟೂ ಮರಾಠಿಯ ಮೋಡಿ ಲಿಪಿ ಎದುರಾಗುತ್ತದೆ. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಆಡಳಿತದಲ್ಲಿದ್ದವು, ಅಲ್ಲಿ ಉರ್ದು ಓದುವವರು ಬೇಕು. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಅಲ್ಲಿ ಅಳಿಯಸಂತಾನದ ಮನೆಯಾದರೆ ಆಸ್ತಿ ನಡೆದದ್ದು ತಾಯಿಯ ಕಡೆಯಿಂದ. ಅಪ್ಪನ ಸಾಲು ಹಿಡಿದು ಹೋದರೆ ದಾರಿಯೇ ತಪ್ಪುತ್ತದೆ. ಕೊಡಗು ಬೇರೆಯೇ ರಾಜ್ಯವಾಗಿತ್ತು. ಮೋಡಿ ಅಥವಾ ಉರ್ದು ಬೇಕಾಗುವವರು ವಿದೇಶಿ ಕೋರ್ಸಿನ ಎರಡನೇ ಹಂತಕ್ಕೆ ಹಾಕುವ ಸಮಯವನ್ನು ಆ ಲಿಪಿ ಕಲಿಯಲು ಹಾಕಿ.

ಹೆಸರು ಬಿಡಿಸುವುದು

ಈಗ ನಿಜವಾದ ಕೆಲಸ. ಇಲ್ಲಿ ಅವಸರ ಬೇಡ.

ಈಗಿನ ಪಹಣಿ ಭೂಮಿ ತಂತ್ರಾಂಶದಲ್ಲಿ ಕುಳಿತಲ್ಲೇ ಸಿಗುತ್ತದೆ. ಅದರಲ್ಲಿ ಸರ್ವೆ ನಂಬರ್ ಮತ್ತು ಎಂ.ಆರ್. ನಂಬರ್ ಇರುತ್ತದೆ. ಎಂ.ಆರ್. ಅಂದರೆ ಖಾತೆ ಒಬ್ಬರಿಂದ ಇನ್ನೊಬ್ಬರಿಗೆ ಬದಲಾದ ದಾಖಲೆ. ಅದನ್ನು ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಕಲಿಗೆ ಅರ್ಜಿ ಹಾಕಿ. ಹಳೇ ಎಂ.ಆರ್., ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್ ಅನ್ನುವ ಹಳೇ ಜಮೀನು ಸೂಚಿ, ಎಲ್ಲವನ್ನೂ ಕೇಳಿ. 'ಪೌತಿ' ಅಂತ ಇರುವ ಎಂ.ಆರ್. ಚಿನ್ನ ಇದ್ದಂತೆ. ಪೌತಿ ಅಂದರೆ ತೀರಿಕೊಂಡವರು. ಯಾರು ತೀರಿಕೊಂಡರು, ವಾರಸುದಾರರು ಯಾರು, ಎರಡೂ ಒಂದೇ ಕಡೆ ಸಿಗುತ್ತದೆ. 'ಬಿನ್' ಅಂತ ಇದ್ದರೆ ಇಂಥವರ ಮಗ. 'ಕೋಂ' ಅಂತ ಇದ್ದರೆ ಇಂಥವರ ಹೆಂಡತಿ. 'ಉರುಫ್' ಅಂತ ಇದ್ದರೆ ಇನ್ನೊಂದು ಹೆಸರು.

ಒಂದು ಉದಾಹರಣೆ ನೋಡಿ. ನಿಮಗೆ ಮೂರು ಕಾಗದ ಸಿಕ್ಕಿದೆ ಅಂದುಕೊಳ್ಳಿ. ಒಂದರಲ್ಲಿ 'ನಂಜಪ್ಪ ಬಿನ್ ಕೆಂಚಪ್ಪ'. ಇನ್ನೊಂದರಲ್ಲಿ 'ಕೆಂಚಪ್ಪ ಬಿನ್ ನಂಜಪ್ಪ'. ಮೂರನೆಯದರಲ್ಲಿ ಮತ್ತೆ 'ನಂಜಪ್ಪ ಬಿನ್ ಕೆಂಚಪ್ಪ'. ಅಪ್ಪಂದಿರನ್ನೂ ಸೇರಿಸಿ ಇವರು ಎಷ್ಟು ಜನ? ಇಬ್ಬರಂತೂ ಅಲ್ಲ. ಮೂವರು ಇರಬಹುದು, ನಾಲ್ವರು ಇರಬಹುದು, ಅಣ್ಣತಮ್ಮಂದಿರ ಮಕ್ಕಳಾಗಿದ್ದರೆ ಇನ್ನೂ ಜಾಸ್ತಿ. ತಾತನ ಹೆಸರನ್ನು ಎಲ್ಲ ಗಂಡುಮಕ್ಕಳೂ ತಮ್ಮ ತಮ್ಮ ಮಗನಿಗೆ ಇಟ್ಟಿರುತ್ತಾರೆ, ಅಲ್ವಾ?

ನಾನು ಮಾಡುವುದು ಹೀಗೆ. ಪ್ರತಿ ನಮೂದಿಗೂ ಒಂದು ಚೀಟಿ. ಒಂದು ಚೀಟಿ ಒಬ್ಬ ಮನುಷ್ಯ ಅಂತಲ್ಲ, ಒಂದು ಕಾಗದದಲ್ಲಿ ಬಂದ ಒಂದು ಹೆಸರು ಅಂತ ಮಾತ್ರ. ಚೀಟಿಯ ಮೇಲೆ ಹೆಸರು, ಬಿನ್, ವರ್ಷ, ಸರ್ವೆ ನಂಬರ್, ಎಲ್ಲಿ ಸಿಕ್ಕಿತು. ಎಲ್ಲವನ್ನೂ ನೆಲದ ಮೇಲೆ ವರ್ಷದ ಸಾಲಿನಲ್ಲಿ ಹರಡಿ. ಎರಡು ಚೀಟಿಯನ್ನು ಒಂದರ ಮೇಲೊಂದು ಇಡಬೇಕಾದರೆ ಹೆಸರು ಬಿಟ್ಟು ಇನ್ನೊಂದು ಗುರುತು ಹೊಂದಲೇಬೇಕು. ಹೆಸರು ಹೊಂದಿದ್ದು ಲೆಕ್ಕಕ್ಕಿಲ್ಲ.

ಆ ಗುರುತು ಯಾವುದು? ಮೊದಲನೆಯದು ಹೆಂಡತಿ. ಗಂಡಸರ ಹೆಸರು ಸುತ್ತಿ ಸುತ್ತಿ ಬರುತ್ತದೆ, ಹೆಂಡತಿಯ ಹೆಸರು ಸಾಮಾನ್ಯವಾಗಿ ಬೇರೆ ಇರುತ್ತದೆ. ಒಬ್ಬ ಕೆಂಚಪ್ಪನ ಹೆಂಡತಿ ನಿಂಗಮ್ಮ, ಇನ್ನೊಬ್ಬನ ಹೆಂಡತಿ ಚೆನ್ನಮ್ಮ ಅಂತಾದರೆ ಇಬ್ಬರು ಇರಬಹುದು. ಅಥವಾ ಒಬ್ಬನಿಗೇ ಎರಡು ಮದುವೆ ಆಗಿರಬಹುದು. ಅದನ್ನು ಮಕ್ಕಳ ವಯಸ್ಸು ನೋಡಿ ತೀರ್ಮಾನಿಸಿ.

ಎರಡನೆಯದು ಹಿಸ್ಸಾ ನಂಬರ್. ಸರ್ವೆ ನಂಬರ್ 42 ಅಂತ ಇದ್ದ ಜಮೀನು ಮುಂದೆ 42/1, 42/2, 42/3 ಆಗಿದ್ದರೆ ಅಲ್ಲಿ ಪಾಲಾಗಿರಬಹುದು ಅಥವಾ ಒಂದು ತುಂಡನ್ನು ಮಾರಿರಬಹುದು. ಎಂ.ಆರ್. ನೋಡಿದರೆ ಕ್ರಯವೋ ವಿಭಾಗವೋ ಅಂತ ಬರೆದಿರುತ್ತದೆ. ವಿಭಾಗ ಅಂತಿದ್ದರೆ ಒಂದೇ ಮನೆಯವರು, ಹೆಚ್ಚಾಗಿ ಅಣ್ಣತಮ್ಮಂದಿರು, ಸಿಕ್ಕಿದರು ಅಂತ ತಿಳಿಯಿರಿ.

ಮೂರನೆಯದನ್ನು ಯಾವ ಕೋರ್ಸೂ ನನಗೆ ಹೇಳಿಕೊಡಲಿಲ್ಲ. ಅದು ಚಕ್ಕುಬಂದಿ. ಹಳೇ ಕ್ರಯಪತ್ರದಲ್ಲಿ, ಪಾಲುಪಟ್ಟಿಯಲ್ಲಿ ಜಮೀನಿನ ನಾಲ್ಕೂ ದಿಕ್ಕಿಗೆ ಯಾರ ಜಮೀನಿದೆ ಅಂತ ಬರೆದಿರುತ್ತಾರೆ. ಪಾಲಾದ ಅಣ್ಣತಮ್ಮಂದಿರು ಅಕ್ಕಪಕ್ಕದಲ್ಲೇ ಇರುತ್ತಾರೆ. ಹಾಗಾಗಿ 'ಪೂರ್ವಕ್ಕೆ ನಂಜಪ್ಪನ ಜಮೀನು' ಅಂತಿದ್ದರೆ ಅದು ಬರೀ ಗಡಿ ಅಲ್ಲ, ದೊಡ್ಡಪ್ಪನೋ ಚಿಕ್ಕಪ್ಪನೋ ಇರಬಹುದು. ನಾಲ್ಕು ದಿಕ್ಕಿನ ಹೆಸರನ್ನೂ ಚೀಟಿಗೆ ಹತ್ತಿಸಿ.

ಕೊನೆಗೆ ವಯಸ್ಸಿನ ಲೆಕ್ಕ. ಅಪ್ಪ ಮಗನ ನಡುವೆ ಹದಿನಾರು ವರ್ಷಕ್ಕಿಂತ ಕಡಿಮೆ ಬಂದರೆ ನಡುವೆ ಏನೋ ಕಲಸಿಕೊಂಡಿದೆ. ಅರವತ್ತಕ್ಕಿಂತ ಜಾಸ್ತಿ ಬಂದರೆ ಒಂದು ತಲೆಮಾರು ಬಿಟ್ಟುಹೋಗಿರಬಹುದು. ಈ ಒಂದು ಲೆಕ್ಕ ಹಾಕಿದ್ದರೆ ಆ ಫ್ಲೆಕ್ಸಿನ ತಪ್ಪು ಅಚ್ಚಾಗುವ ಮೊದಲೇ ಕಾಣುತ್ತಿತ್ತು.

ಇದರ ಉಲ್ಟಾ ತೊಂದರೆಯೂ ಇದೆ, ಒಬ್ಬನಿಗೇ ಎರಡು ಹೆಸರು. ಮಗುವಿಗೆ ತಾತನ ಹೆಸರಿಟ್ಟರೂ, ಸೊಸೆ ಮಾವನ ಹೆಸರನ್ನು ಬಾಯಿಬಿಟ್ಟು ಕರೆಯುವಂತಿರಲಿಲ್ಲ. ಹಾಗಾಗಿ ತಾತಪ್ಪ, ಅಜ್ಜಪ್ಪ ಅಂತ ಕರೆದರು. ಸ್ಕೂಲಿಗೆ ಸೇರಿಸುವಾಗ ಅದೇ ಹೆಸರು ಬರೆಸಿದರು. ಪಹಣಿಯಲ್ಲಿ ಕೆಂಚಪ್ಪ, ಸ್ಕೂಲಿನಲ್ಲಿ ತಾತಪ್ಪ. ಮನೆಅಳಿಯನಾಗಿ ಬಂದವರು, ದತ್ತು ಹೋದವರು ಕೂಡ ಹೀಗೇ ಸಾಲು ಬದಲಿಸುತ್ತಾರೆ. ಒಂದು ಹೆಸರು ಇದ್ದಕ್ಕಿದ್ದಂತೆ ಮಾಯವಾದರೆ ತೀರಿಕೊಂಡರು ಅಂತ ಬರೆಯಬೇಡಿ. ಹೆಂಡತಿಯ ಊರಿನ ಪಹಣಿ ನೋಡಿ.

ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಇದೆಯಲ್ಲ, ಅದನ್ನೇ ನಕಲು ಮಾಡಿದರೆ ಸಾಲದಾ ಅಂತ ಕೇಳುತ್ತಾರೆ. ಸಾಲದು. ಅದು ವಾರಸುದಾರಿಕೆಗಾಗಿ, ಅರ್ಜಿ ಹಾಕಿದವರ ಹೇಳಿಕೆಯ ಮೇಲೆ ನಿಂತ ಕಾಗದ. ಮಕ್ಕಳಿಲ್ಲದೆ ತೀರಿಕೊಂಡ ದೊಡ್ಡಪ್ಪ ಅದರಲ್ಲಿ ಇಲ್ಲದೇ ಹೋಗಬಹುದು. ಸುಳಿವಾಗಿ ಇಟ್ಟುಕೊಳ್ಳಿ, ಸಾಕ್ಷಿಯಾಗಿ ಬೇಡ.

ಸಂವತ್ಸರದ ಲೆಕ್ಕ

ಜಾತಕದಲ್ಲಿ, ಹಳೇ ಪತ್ರಗಳಲ್ಲಿ ಇಸವಿ ಇರುವುದಿಲ್ಲ, ಸಂವತ್ಸರ ಇರುತ್ತದೆ. ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವ ಶುರುವಾಗಿದ್ದು 1867, 1927, 1987ರ ಯುಗಾದಿಗೆ. ಅಲ್ಲಿಂದ ಎಣಿಸಿ. ಶಾಲಿವಾಹನ ಶಕ ಕೊಟ್ಟಿದ್ದರೆ 78 ಕೂಡಿಸಿ. ಶಕ 1833, ವಿರೋಧಿಕೃತ್ ಸಂವತ್ಸರ ಅಂದರೆ 1911. ಪ್ರಭವದಿಂದ ಎಣಿಸಿದರೂ 1911ಕ್ಕೇ ಬರುತ್ತದೆ, ಎರಡೂ ಹೊಂದಿತು. ಮಾಘ, ಫಾಲ್ಗುಣದಲ್ಲಿ ಹುಟ್ಟಿದ್ದರೆ ಅದು ಇಂಗ್ಲಿಷ್ ಲೆಕ್ಕಕ್ಕೆ ಸಾಮಾನ್ಯವಾಗಿ ಮುಂದಿನ ವರ್ಷ, 1912. ವಿರೋಧಿ, ವಿರೋಧಿಕೃತ್ ಎರಡೂ ಒಂದೇ ಅಂದುಕೊಂಡರೆ 22 ವರ್ಷ ತಪ್ಪುತ್ತದೆ. ಕ್ರೋಧಿ, ಕ್ರೋಧನ ಕೂಡ ಬೇರೆ ಬೇರೆ.

ಸ್ಕೂಲಿನ ದಾಖಲಾತಿ ಪುಸ್ತಕದ ಹುಟ್ಟಿದ ದಿನವನ್ನು ಸುಮ್ನೆ ನಂಬಬೇಡಿ. ಜೂನ್ 1ರಂದು ಹುಟ್ಟಿದವರು ನಮ್ಮಲ್ಲಿ ಎಷ್ಟು ಜನ! ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಹೊಂದಲಿ ಅಂತ ಮೇಷ್ಟ್ರು ಬರೆದುಕೊಂಡದ್ದು ಅದು.

ಹೆಳವರು ಬಂದರೆ

ಉತ್ತರ ಕರ್ನಾಟಕದವರಿಗೆ ಒಂದು ಭಾಗ್ಯವಿದೆ. ಎತ್ತಿನ ಮೇಲೆ ಗಂಟೆ ಕಟ್ಟಿಕೊಂಡು ಬರುತ್ತಿದ್ದ ಹೆಳವರು ಮನೆತನದ ವಂಶ ಹೇಳುವುದನ್ನೇ ಕಸುಬಾಗಿ ಮಾಡಿಕೊಂಡವರು. ಕಾಳು, ಬಟ್ಟೆ, ದುಡ್ಡು ಪಡೆದು ತಲೆತಲಾಂತರದ ಹೆಸರು ಹೇಳುತ್ತಾರೆ, ಪುಸ್ತಕದಲ್ಲಿ ಹೊಸ ಮಕ್ಕಳ ಹೆಸರು ಸೇರಿಸಿಕೊಳ್ಳುತ್ತಾರೆ. ಅವರು ಮನೆಗೆ ಬಂದರೆ ಬಾಗಿಲಲ್ಲೇ ಕಳಿಸಬೇಡಿ. ಕೂರಿಸಿ, ಊಟ ಹಾಕಿ, ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಳ್ಳಿ, ಒಳ್ಳೆಯ ಸಂಭಾವನೆ ಕೊಡಿ. ಗಯೆ, ತ್ರ್ಯಂಬಕೇಶ್ವರಕ್ಕೆ ಹಿರಿಯರು ಹೋಗಿದ್ದರೆ ಅಲ್ಲಿನ ಪುರೋಹಿತರ ಪುಸ್ತಕದಲ್ಲೂ ಹೆಸರು ಇರಬಹುದು.

ಬೆಸ ಸಂಖ್ಯೆಗಳು

ಇಷ್ಟಾದ ಮೇಲೆ ನೋಟ್‌ಬುಕ್ ತೆರೆದು ನೋಡಿ. 3, 5, 7, 9, 11. ಅಮ್ಮಂದಿರ ಸಾಲು ಖಾಲಿ ಇರುತ್ತದೆ. ಪಹಣಿಯಲ್ಲಿ 'ಕೋಂ' ಅಂತ ಬಂದರೂ ತವರು ಗೊತ್ತಾಗುವುದಿಲ್ಲ. ಮದುವೆಯಾದ ಮೇಲೆ ಹೆಸರು ಬದಲಿಸಿದ್ದರೆ ಇನ್ನೂ ಕಷ್ಟ. ಇಲ್ಲಿ ಕಚೇರಿಯಿಂದ ಜಾಸ್ತಿ ಏನೂ ಸಿಗದು. ಹಳೇ ಲಗ್ನಪತ್ರಿಕೆ ಹುಡುಕಿ. ತವರಿನ ಊರು ಗೊತ್ತಿದ್ದರೆ ಅಲ್ಲಿಗೇ ಹೋಗಿ. ಅಟ್ಟ ಹತ್ತಿ ಪಾತ್ರೆ ಇಳಿಸಿ.

ನನ್ನ ಪುಸ್ತಕದಲ್ಲಿ 9ನೇ ನಂಬರು, ಅಂದರೆ ತಾತನ ಅಮ್ಮ, ಎಷ್ಟೋ ವರ್ಷ ಖಾಲಿಯಿತ್ತು. ಮನೆಯಲ್ಲಿ ಎಲ್ಲರೂ 'ದೊಡ್ಡವ್ವ' ಅಂತಲೇ ಕರೆದವರು. ಹೆಸರು ಯಾರಿಗೂ ನೆನಪಿರಲಿಲ್ಲ. ಅಟ್ಟದಲ್ಲಿ ಒಂದು ಹಿತ್ತಾಳೆ ಕೊಳಗ ಇತ್ತು. ಹುಣಸೆಹಣ್ಣು ಹಾಕಿ ತಿಕ್ಕಿದಾಗ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಕಾಣಿಸಿತು. ಸವೆದು ಓದಲು ಬರುತ್ತಿರಲಿಲ್ಲ. ಮೇಲೆ ಅಕ್ಕಿಹಿಟ್ಟು ಉದುರಿಸಿ ಅಂಗೈಯಲ್ಲಿ ಮೆಲ್ಲಗೆ ಒರೆಸಿದೆ. ಚುಕ್ಕಿಯ ಗುಳಿಯಲ್ಲಿ ಹಿಟ್ಟು ನಿಂತಿತು. ತಂದೆಯ ಹೆಸರು, ಊರು, ಕೊನೆಗೆ 'ಮಗಳು' ಅಂತ ಬರೆದು ಅವರ ಹೆಸರು. ಪಾತ್ರೆಯ ಮೇಲಿರುವುದು ಉಡುಗೊರೆ ಕೊಟ್ಟ ಬೇರೆಯವರ ಹೆಸರೂ ಆಗಿರಬಹುದು, ಹಾಗಾಗಿ ಆ ಊರಿಗೆ ಹೋಗಿ ಅಲ್ಲಿನ ಹಳೇ ದಾಖಲೆಯಲ್ಲಿ ತಂದೆಯ ಹೆಸರು ನೋಡಿಕೊಂಡು ಬಂದೆ. ಆಮೇಲೆ 9ನ್ನು ತುಂಬಿದೆ, ಪೆನ್ಸಿಲಿನಲ್ಲೇ.