ಸ್ಕೂಟರಿನ ಲಿಥಿಯಂ ಬ್ಯಾಟರಿಯನ್ನು ಮನೆಯಲ್ಲಿ ಚಾರ್ಜ್ ಮಾಡುವ ಬಗೆ

ವಿದ್ಯುತ್ ಸ್ಕೂಟರಿನಿಂದ ಬ್ಯಾಟರಿ ಕಳಚಿ ಮನೆಯೊಳಗೆ ತರುವವರು, ಅದನ್ನು ಎಲ್ಲಿ ಇಡಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಹೊರಬಾಗಿಲ ಬಳಿ, ಚಪ್ಪಲಿ ಗೂಡಿನ ಪಕ್ಕದ ಪ್ಲಗ್ಗು ಕೈಗೆ ಸುಲಭವಾಗಿ ಸಿಗುವುದರಿಂದ ಹೆಚ್ಚಿನವರು ಅಲ್ಲೇ ಚಾರ್ಜಿಗೆ ಹಾಕುತ್ತಾರೆ. ಬೆಂಕಿ ಹೊತ್ತಿಕೊಂಡರೆ ಮನೆಯವರು ಹೊರಗೋಡುವ ದಾರಿಯೇ ಮುಚ್ಚಿಹೋಗುವ ಆ ಜಾಗಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಮಲಗುವ ಕೋಣೆಯೂ ಬೇಡ. ಗಾಳಿಯಾಡುವ, ಬಿಸಿಲು ಬೀಳದ, ಸುತ್ತ ಬಟ್ಟೆ, ಕಾಗದಗಳಿಲ್ಲದ ಗಟ್ಟಿ ನೆಲವೇ ಸರಿ.

1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಈ ಬಗೆಯ ಬ್ಯಾಟರಿ, ಅಷ್ಟೇ ತೂಕದ ಆಸಿಡ್ ಬ್ಯಾಟರಿಗಿಂತ ಹಲವು ಪಟ್ಟು ಶಕ್ತಿಯನ್ನು ಹಿಡಿದಿಡುತ್ತದೆ. ಡಿಸ್ಟಿಲ್ಡ್ ವಾಟರ್ ತುಂಬುವ ಗೋಜೂ ಇಲ್ಲ. ಅಷ್ಟು ಶಕ್ತಿ ಚಿಕ್ಕ ಜಾಗದಲ್ಲಿ ಅಡಕವಾಗಿರುವುದರಿಂದಲೇ ಎಚ್ಚರವೂ ಹೆಚ್ಚು ಬೇಕು.

ಬಿಸಿಲಿನಲ್ಲಿ ಓಡಿಸಿ ಬಂದ ಕೂಡಲೇ ಪ್ಲಗ್ ಹಾಕದೆ, ಬ್ಯಾಟರಿ ಮುಟ್ಟಿದರೆ ತಣ್ಣಗಿದೆ ಎನಿಸುವವರೆಗೆ ಕಾಯಿರಿ. ಚಾರ್ಜರ್ ಮಾತ್ರ ತಯಾರಕರು ಸೂಚಿಸಿದ್ದೇ ಆಗಿರಬೇಕು. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಸುಮಾರು 3.65 ವೋಲ್ಟ್‌ಗೆ ತುಂಬಿದರೆ, ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬಳಸಿದ ಸೆಲ್ ಸಾಮಾನ್ಯವಾಗಿ 4.2 ವೋಲ್ಟ್‌ಗೆ ತುಂಬುತ್ತದೆ. ಪಿನ್ನು ಹೊಂದಿತೆಂದು ಒಂದರ ಚಾರ್ಜರನ್ನು ಇನ್ನೊಂದಕ್ಕೆ ಚುಚ್ಚಿದರೆ ಸೆಲ್‌ಗಳು ಮಿತಿಮೀರಿ ತುಂಬುವ ಸಂಭವವುಂಟು. ಒಳಗಿನ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಇದನ್ನು ತಡೆಯಬೇಕು, ನಿಜ. ಆದರೆ ಅದು ಕೊನೆಯ ಕಾವಲುಗಾರನೇ ಹೊರತು, ಸಿಕ್ಕ ಚಾರ್ಜರ್ ಬಳಸಲು ಕೊಟ್ಟ ಪರವಾನಗಿಯಲ್ಲ. ಎಲ್ಲರೂ ನಿದ್ದೆ ಹೋದ ಮೇಲೆ ಚಾರ್ಜಿಗಿಡುವ ಅಭ್ಯಾಸವನ್ನೂ ಬಿಡಬೇಕು.

ಉಬ್ಬಿದ, ಬಿದ್ದು ಜಜ್ಜಿಹೋದ, ವಿಚಿತ್ರ ವಾಸನೆ ಬರುವ ಬ್ಯಾಟರಿಯನ್ನು ಪುನಃ ಚಾರ್ಜ್ ಮಾಡಬಾರದು. ನೆಲಮಾಳಿಗೆಗೆ ಮಳೆನೀರು ನುಗ್ಗುವ ಬೆಂಗಳೂರಿನಂಥ ಊರಿನಲ್ಲಿ, ನೀರಿನಲ್ಲಿ ಮುಳುಗಿದ ಬ್ಯಾಟರಿಗೂ, ಅದು ಒಣಗಿದಂತೆ ಕಂಡರೂ, ಇದೇ ನಿಯಮ.

ಹೊಗೆ ಕಾಣಿಸಿದರೆ ಬ್ಯಾಟರಿಯನ್ನು ಎತ್ತಿ ಹೊರಗೆಸೆಯುವ ಸಾಹಸ ಬೇಡ. ಒಂದು ಸೆಲ್ಲಿನ ಕಾವು ಪಕ್ಕದ್ದಕ್ಕೆ ಹಬ್ಬುತ್ತಾ ಕ್ಷಣಗಳಲ್ಲಿ ಬೆಂಕಿ ಚಿಮ್ಮಬಹುದು, ಹೊರಬರುವ ಅನಿಲವೂ ವಿಷಕಾರಿ. ಎಲ್ಲರನ್ನೂ ಹೊರಗೆ ಕರೆದುಕೊಂಡು, ಬಾಗಿಲೆಳೆದು, 112ಕ್ಕೆ ಕರೆ ಮಾಡಿ. ಆರಿದ ಬ್ಯಾಟರಿ ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಹುದಾದ್ದರಿಂದ ಒಳಗೆ ತರಬೇಡಿ.

ತಿಂಗಳುಗಟ್ಟಲೆ ಊರಿಗೆ ಹೋಗುವುದಿದ್ದರೆ ಸುಮಾರು ಅರ್ಧ ಚಾರ್ಜಿನಲ್ಲಿ, ತಂಪಾದ ಒಣ ಜಾಗದಲ್ಲಿಡಿ. ಆಯಸ್ಸು ಮುಗಿದದ್ದನ್ನು ಗುಜರಿಯವನಿಗೆ ಮಾರದೆ ಮಾರಾಟಗಾರರಿಗೆ ಒಪ್ಪಿಸಿ; 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ.