ಪಹಣಿ ಹಿಡಿದು ಮುತ್ತಜ್ಜಿಯವರೆಗೆ

ನಮ್ಮ ಮುತ್ತಜ್ಜಿಯ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ದೊಡ್ಡವ್ವ ಅಂತಿದ್ವಿ ಕಣಪ್ಪಾ, ಹೆಸರು ಯಾರು ಕೇಳ್ತಿದ್ರು?’ ಎಂದರು ಅಪ್ಪ. ಮಂಡ್ಯ ತಾಲ್ಲೂಕಿನ ನಮ್ಮೂರಲ್ಲಿ ಒಂದು ಎಕರೆ ಚಿಲ್ಲರೆ ಗದ್ದೆ ಇನ್ನೂ ಇದೆ. ಅದನ್ನೇ ಹಿಡಿದು ಹಿಂದಕ್ಕೆ ಹೊರಟೆ.

ಮೊದಲು ಈಗಿನ ಪಹಣಿ, ಅಂದರೆ ಜಮೀನು ಯಾರದು ಅಂತ ತೋರಿಸುವ ಕಂದಾಯ ದಾಖಲೆ, ತೆಗೆಸಿದೆ. ಅದರ 10ನೇ ಕಾಲಂನಲ್ಲಿ ಜಮೀನು ಹೇಗೆ ಬಂತು ಅಂತ ಇರುತ್ತದೆ, ಜೊತೆಗೆ ಎಂ.ಆರ್. ನಂಬರ್, ಅಂದರೆ ಖಾತೆ ಬದಲಾವಣೆ ಪುಸ್ತಕದ (ಮ್ಯುಟೇಶನ್ ರಿಜಿಸ್ಟರ್) ನಂಬರ್. ಆ ನಂಬರಿನ ನಕಲು ತೆಗೆಸಿದರೆ ಹಿಂದಿನ ಖಾತೆದಾರ ಸಿಗುತ್ತಾನೆ. ‘ಕ್ರಯ’ ಎಂದಿದ್ದರೆ ದುಡ್ಡು ಕೊಟ್ಟು ಕೊಂಡದ್ದು, ವಂಶದ ದಾರಿ ಅಲ್ಲಿಗೆ ಮುಗಿಯಿತು. ನಮಗೆ ಬೇಕಾದ್ದು ‘ಪೌತಿ’. ಖಾತೆದಾರ ತೀರಿಕೊಂಡು ವಾರಸುದಾರರಿಗೆ ಖಾತೆ ಆಗಿದೆ ಎಂದರ್ಥ.

ನಾನು ಎಡವಿದ್ದೂ ಇಲ್ಲೇ. ಸರ್ವೆ ನಂಬರ್ ಹಿಸ್ಸಾ ಆಗಿತ್ತು, ಅಂದರೆ ಪಾಲುಪಾಲಾಗಿ ಒಡೆದಿತ್ತು. ಎರಡು ವಾರ ಸುಮ್ನೆ ಬೇರೆಯವರ ಹಿಸ್ಸಾ ಹಿಂದೆ ಅಲೆದೆ. ಖಾತೆದಾರನ ಹೆಸರು ತಾತನದೇ! ನಮ್ಮ ಕಡೆ ಒಂದೇ ಹೆಸರಿನವರು ಬೀದಿಗೆ ಮೂವರು ಇರುತ್ತಾರೆ, ಅಲ್ವಾ? ‘ಬಿನ್’ ಮುಂದಿನ ಹೆಸರು ನೋಡಿದ ಮೇಲೆ ತಪ್ಪು ಗೊತ್ತಾಯಿತು. ಬಿನ್ ಎಂದರೆ ಇಂಥವರ ಮಗ, ಕೋಂ ಎಂದರೆ ಇಂಥವರ ಹೆಂಡತಿ.

ಹಳೇ ಪುಸ್ತಕಗಳದ್ದು ಬೇರೆಯೇ ಕಥೆ. 1939ರ ಜುಲೈಗೆ ಮುಂಚೆ ಮಂಡ್ಯ ಜಿಲ್ಲೆಯೇ ಇರಲಿಲ್ಲ, ಎಲ್ಲ ಮೈಸೂರು ಜಿಲ್ಲೆ. ಕಾಗದದ ಮೇಲೂ ಹಾಗೇ ಇತ್ತು. ಕಂದಾಯ ರೂಪಾಯಿ, ಆಣೆ, ಪೈ ಲೆಕ್ಕದಲ್ಲಿ. ಬರಹ ಮೋಡಿ ಲಿಪಿ, ಅಕ್ಷರಕ್ಕೆ ಅಕ್ಷರ ಅಂಟಿಕೊಂಡು ಇರುವೆ ಸಾಲಿನ ಹಾಗೆ. ನನ್ನ ಕೈಲಿ ಓದಲಾಗಲಿಲ್ಲ. ಪಕ್ಕದೂರಿನ ಶಾನುಭೋಗರ ಮನೆತನದ ಹಿರಿಯರೊಬ್ಬರು ಕನ್ನಡಕ ಏರಿಸಿ ಸರಾಗವಾಗಿ ಓದಿಬಿಟ್ಟರು.

ಒಂದು ಕಡೆ ‘ಖುಷ್ಕಿ’ (ಮಳೆ ನಂಬಿದ ಒಣಭೂಮಿ) ಹೊಡೆದುಹಾಕಿ ‘ತರಿ’ (ನೀರಾವರಿ ಭೂಮಿ) ಎಂದು ಬರೆದಿತ್ತು. ಕಂದಾಯವೂ ಏರಿತ್ತು. ‘ನಾಲೆ ನೀರು ಬಂತು ಅಂತ ಲೆಕ್ಕ’ ಎಂದರು ಅವರು. ಕನ್ನಂಬಾಡಿ ಕಟ್ಟೆಯ ನೀರು ನಮ್ಮ ರಾಗಿ ಹೊಲಕ್ಕೆ ಬಂದು ಅದು ಗದ್ದೆಯಾದದ್ದು ಒಂದೇ ಪದದಲ್ಲಿ! ಅದರ ಕೆಳಗೇ ಪೌತಿ. ಮುತ್ತಾತ ತೀರಿಕೊಂಡಿದ್ದರು. ಖಾತೆ ತಾತನ ಹೆಸರಿಗೆ, ‘ಮೈನರ್, ಗಾರ್ಡಿಯನ್ ತಾಯಿ’. ಆ ಪದದ ಮುಂದೆ ಮುತ್ತಜ್ಜಿಯ ಹೆಸರು. ಏರಿದ ಕಂದಾಯ ಕಟ್ಟಿದ್ದು ಆಕೆಯೇ ಇರಬೇಕು.

ಮೈಸೂರಿನಲ್ಲಿರುವ ಸೋದರತ್ತೆಗೆ ಫೋನ್ ಮಾಡಿ ಓದಿ ಹೇಳಿದೆ. ‘ಅದು ನನ್ನ ಹೆಸರಲ್ವೇನೋ?’ ಎಂದರು. ಹೌದು, ಅವರದೇ. ತಾತ ಮಗಳಿಗೆ ಅವ್ವನ ಹೆಸರಿಟ್ಟಿದ್ದರು. ಯಾಕೆ ಅಂತ ಯಾರಿಗೂ ಹೇಳಿರಲಿಲ್ಲ.

ಮುತ್ತಜ್ಜಿಯ ತವರೂರು ಯಾವುದು ಅಂತ ಕಂದಾಯದ ಪುಸ್ತಕದಲ್ಲಿಲ್ಲ. ಅದನ್ನು ಈಗ ಅತ್ತೆಯೇ ನೆಂಟರಿಷ್ಟರಲ್ಲಿ ವಿಚಾರಿಸುತ್ತಿದ್ದಾರೆ.